ತೊಳೆದಿಟ್ಟ ವಿಮಾನ ನನಗೆ ಬೇಡ

ಹಿಂದೊಂದು ಚಳಿಗಾಲದಲ್ಲಿ ನಮ್ಮ ಜಿಲ್ಲೆಯ ಶಾಲೆಯೊಂದರಲ್ಲಿ ಕರಕುಶಲ ವಸ್ತುಗಳ ಪ್ರದರ್ಶನ ಇಟ್ಟಿದ್ದರು. ಯಾವ ಊರು, ಯಾವ ಶಾಲೆ ಎಂದು ಬರೆಯುವುದಿಲ್ಲ. ಬರೆದರೆ ತಪ್ಪು ಆ ಶಾಲೆಯೊಂದರದೇ ಆಗಿ, ಉಳಿದವರೆಲ್ಲ ಆರಾಮಾಗಿ ತಪ್ಪಿಸಿಕೊಳ್ಳುತ್ತಾರೆ. ಅಲ್ಲಿಗೆ ನಾನೊಂದು ವಿಮಾನ ಕಳಿಸಿದ್ದೆ. ಮೂವತ್ಮೂರು ಸೆಂಟಿಮೀಟರ್ ಉದ್ದ, ಅಂದರೆ ನಮ್ಮ ಚಪಾತಿ ಲಟ್ಟಣಿಗೆಯಷ್ಟು. ಮಾಡಲು ಹದಿನಾಲ್ಕು ತಿಂಗಳು ಹಿಡಿದಿತ್ತು. ಪ್ರದರ್ಶನದ ದಿನ ಹೋಗಿ ನೋಡಿದರೆ ವಿಮಾನದ ಮುಂದಿನ ಚೀಟಿಯ ಮೇಲೆ ನಮ್ಮ ಮನೆಯವರ ಹೆಸರು! ಪಾಪ, ಅವರಿಗೆ ಗೋಡೆಗೆ ಒಂದು ಮೊಳೆ ನೆಟ್ಟಗೆ ಹೊಡೆಯಲು ಬರುವುದಿಲ್ಲ. ಮೇಜಿನ ಹತ್ತಿರ ನಿಂತಿದ್ದ ಗುರುಗಳು, "ಯಜಮಾನ್ರು ಭಾಳ ಛಂದ ಮಾಡ್ಯಾರ್ರೀ ಅಕ್ಕಾರ, ಆದ್ರ ಒಂದೀಟು ಒರೆಸಿ ಕಳಿಸ್ಬೇಕಿತ್ತು ನೀವು" ಎಂದರು.

ಅಂದರೆ ಅವರ ಲೆಕ್ಕದಲ್ಲಿ ಮಾಡುವುದು ಯಜಮಾನರ ಕೆಲಸ, ಒರೆಸುವುದು ನನ್ನ ಕೆಲಸ. ಒರೆಸುವ ಕೆಲಸವನ್ನೂ ನಾನು ಸರಿಯಾಗಿ ಮಾಡಿಲ್ಲ!

"ಅದು ಹೊಲಸಲ್ರೀ, ನಾನs ಹಚ್ಚಿದ್ದು" ಎಂದೆ. ಅವರಿಗೆ ತಿಳಿಯಲಿಲ್ಲ. "ದೇಶದ ವಿಮಾನ ನೋಡ್ರಿ, ಮಕ್ಕಳು ನೋಡ್ತಾರ, ಸ್ವಚ್ಛ ಇದ್ರ ಚಲೋ" ಎಂದು ಕರವಸ್ತ್ರ ತೆಗೆದು ಅದರ ಹೊಟ್ಟೆಯ ಕೆಳಗೆ ಒರೆಸಲು ಹೊರಟರು. ನಾನು ಅಡ್ಡ ಕೈ ಹಿಡಿದೆ. ವಿಮಾನವನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಬಂದೆ. ಆ ದಿನ ಆಡದೆ ಉಳಿದ ಮಾತನ್ನು ಈಗ ಇಲ್ಲಿ ಆಡುತ್ತಿದ್ದೇನೆ.

ಈ ಹವ್ಯಾಸ ಗೊತ್ತಿಲ್ಲದವರಿಗೆ ನಾಲ್ಕು ಮಾತು ಹೇಳಬೇಕು. ನಿಜವಾದ ವಿಮಾನದ ಅಳತೆಗಳನ್ನೆಲ್ಲ ಒಂದೇ ಪ್ರಮಾಣದಲ್ಲಿ ಇಳಿಸಿ ಸಣ್ಣ ಮಾದರಿ ಮಾಡುವುದು. ಎಪ್ಪತ್ತೆರಡನೆಯ ಒಂದು ಪಾಲು, ನಲವತ್ತೆಂಟನೆಯ ಒಂದು ಪಾಲು ಎಂದು ಲೆಕ್ಕಗಳಿವೆ. ಎಪ್ಪತ್ತೆರಡರ ಲೆಕ್ಕದಲ್ಲಿ ಒಂದು ಇಂಚು ಎಂದರೆ ಆರು ಅಡಿ. ನನ್ನದು ನಲವತ್ತೆಂಟರದು. ಇದರಲ್ಲಿ ಐದೂವರೆ ಅಡಿಯ ಮನುಷ್ಯ ಮೂರೂವರೆ ಸೆಂಟಿಮೀಟರ್ ಆಗುತ್ತಾನೆ. ಇಂಗ್ಲೆಂಡಿನ ಏರ್‌ಫಿಕ್ಸ್, ಜಪಾನಿನ ತಮಿಯಾ ಮುಂತಾದ ಕಂಪನಿಗಳು ಪ್ಲಾಸ್ಟಿಕ್ ತುಂಡುಗಳ ಪೆಟ್ಟಿಗೆ ಮಾರುತ್ತವೆ. ತುಂಡುಗಳನ್ನು ಬಿಡಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಬೇಕು. ಇಷ್ಟಾದರೆ ಅದು ಅಂಗಡಿಯಿಂದ ಈಗಷ್ಟೇ ತಂದ ಆಟಿಕೆಯಂತೆ ಕಾಣುತ್ತದೆ. ನಿಜವಾದ ಕೆಲಸ ಆಮೇಲಿನದು. ಬಿಸಿಲಿಗೆ ಬಣ್ಣ ಮಾಸಿದ್ದು, ಎಣ್ಣೆ ಸೋರಿದ್ದು, ತೋಪಿನ ಬಾಯಿಗೆ ಹೊಗೆ ಹಿಡಿದದ್ದು, ಬೂಟು ಬಿದ್ದಲ್ಲಿ ಬಣ್ಣ ಕೆತ್ತಿಹೋದದ್ದು, ಇವನ್ನೆಲ್ಲ ಕುಂಚದಿಂದ ತರಬೇಕು. ನಮ್ಮ ಹುಡುಗರು ಇದಕ್ಕೆ ವೆದರಿಂಗ್ ಎನ್ನುತ್ತಾರೆ. ನಾನು 'ಮಾಸಿಸೋದು' ಎನ್ನುತ್ತೇನೆ. ಮಳೆಬಿಸಿಲಿಗಿಂತ ಮನುಷ್ಯರ ಕೈಕಾಲುಗಳೇ ಅದನ್ನು ಹೆಚ್ಚು ಮಾಸಿಸುವುದರಿಂದ ನನ್ನ ಶಬ್ದವೇ ಸರಿ ಎಂದು ನನ್ನ ಹಟ.

ನಮ್ಮ ತವರುಮನೆ ಗಳಗನಾಥ. ವರದೆ ಬಂದು ತುಂಗಭದ್ರೆಯನ್ನು ಕೂಡುವ ಊರು. ಗಳಗೇಶ್ವರನ ಗುಡಿ ಇರುವ ಊರು, ಕಾದಂಬರಿಕಾರ ಗಳಗನಾಥರು ಹುಟ್ಟಿದ ಊರು. ನಾವಿರುವುದು ಹಾವೇರಿಯಲ್ಲಿ. ಊರಿನ ಮನೆಯಲ್ಲಿ ಈಗ ವೈನಿಯೊಬ್ಬರೇ ಇದ್ದಾರೆ. 2020ರಲ್ಲಿ ಎಲ್ಲವೂ ಬಂದಾದಾಗ ಬೆಂಗಳೂರಲ್ಲಿ ಕೆಲಸದಲ್ಲಿರುವ ಅಣ್ಣನ ಮಗ ಊರಿಗೆ ಬಂದು ತಿಂಗಳುಗಟ್ಟಲೆ ಉಳಿದ. ಬರುವಾಗ ಇಂಥದೊಂದು ಪೆಟ್ಟಿಗೆ ತಂದಿದ್ದ. ಕಂಪ್ಯೂಟರಿನ ಕೆಲಸ ಮುಗಿಸಿ ರಾತ್ರಿ ಪಡಸಾಲೆಯಲ್ಲಿ ದೀಪದ ಕೆಳಗೆ ಕೂತು ಅಕ್ಕಿಕಾಳಿನಷ್ಟು ತುಂಡನ್ನು ಚಿಮಟದಲ್ಲಿ ಹಿಡಿದು ಒದ್ದಾಡುತ್ತಿದ್ದ. ಕೈ ನಡುಗಿ ತುಂಡು ಜಾರುವುದು, ಅದನ್ನು ಹುಡುಕಲು ನಾವೆಲ್ಲ ನೆಲಕ್ಕೆ ಮುಖ ಹಚ್ಚುವುದು, ದಿನಾ ಇದೇ ಆಯಿತು. ಒಂದು ದಿನ ನೋಡಲಾರದೆ, "ಕೊಡಪಾ ಇಲ್ಲೆ" ಎಂದು ಇಸಿದುಕೊಂಡು ಕೂಡಿಸಿಕೊಟ್ಟೆ. ಕಸೂತಿಯ ಎಳೆ ಎಣಿಸಿದ ಕಣ್ಣು ನನ್ನದು. ಗವಂತಿ ಹಾಕಿದರೆ ಅರಿವೆಯ ಎರಡೂ ಮಗ್ಗುಲು ಒಂದೇ ನಮೂನಿ ಕಾಣಬೇಕು, ಎಲ್ಲೂ ಗಂಟು ಬೀಳಬಾರದು ಎಂದು ನಮ್ಮವ್ವ ಹೊಡೆದು ಕಲಿಸಿದ್ದಳು. ಅದರ ಮುಂದೆ ಪ್ಲಾಸ್ಟಿಕ್ ತುಂಡು ಯಾವ ಲೆಕ್ಕ? ಹುಡುಗ ಬೆರಗಾಗಿ ನೋಡಿ, "ಅತ್ಯಾ, ನೀನು ಇಷ್ಟ ದಿನಾ ಏನ್ ಮಾಡಾಕ ಹತ್ತಿದ್ದಿ?" ಎಂದ.

ಇಷ್ಟು ದಿನ ಏನು ಮಾಡುತ್ತಿದ್ದೆ ಎಂಬುದನ್ನು ಈ ಊರಿನ ಯಾವ ಹೆಣ್ಣುಮಗಳನ್ನು ಕೇಳಿದರೂ ಹೇಳುತ್ತಾಳೆ. ತಿಕ್ಕುತ್ತಿದ್ದೆ. ಒಲೆಯ ಮಸಿ, ಹಂಚಿನ ಕಾಡಿಗೆ, ಎಣ್ಣೆಡಬ್ಬಿಯ ಜಿಗಟು, ಬಚ್ಚಲ ಹಂಡೆಯ ಕಿಲುಬು, ಅಂಗಿಯ ಕಾಲರಿನ ಕೊಳೆ ಇವನ್ನೆಲ್ಲ ಐವತ್ತು ವರ್ಷ ತಿಕ್ಕಿದ್ದೇನೆ. ಆಮೇಲೆ ನಮ್ಮದೊಂದು ಕೂಟವಾಯಿತು. ರಾಣೆಬೆನ್ನೂರಿನ ಒಬ್ಬ ಬ್ಯಾಂಕಿನವರು, ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯ ಹುಡುಗ, ಹಾವೇರಿಯ ಚಿತ್ರಕಲೆಯ ಮಾಸ್ತರರೊಬ್ಬರು, ನನ್ನ ಅಳಿಯ, ನಾನು. ತಿಂಗಳಿಗೊಂದು ಭಾನುವಾರ ಗಳಗನಾಥದ ಪಡಸಾಲೆಯಲ್ಲಿ ಸೇರುತ್ತೇವೆ. ಮೊದಲ ಸಲ ಅವರ ಚೀಲದಿಂದ ಹೊರಬಂದ ಸಾಮಾನು ನೋಡಿ ನಕ್ಕೂ ನಕ್ಕೂ ಸಾಕಾಯಿತು. ಒಂದು ಶೀಶೆಯಲ್ಲಿ ಧೂಳು, ಒಂದರಲ್ಲಿ ಮಸಿ, ಇನ್ನೊಂದರಲ್ಲಿ ಎಣ್ಣೆಕಲೆ, ಮತ್ತೊಂದರಲ್ಲಿ ತುಕ್ಕು! ಪರದೇಶದಿಂದ ದುಡ್ಡು ಕೊಟ್ಟು ತರಿಸಿದ ಹೊಲಸು! "ತಮ್ಮಾ, ಮೊದಲs ಹೇಳಿದ್ರ ನಮ್ಮ ಅಡಿಗಿಮನಿಯಿಂದ ಕಿಲೋಗಟ್ಟಲೆ ಕಳಿಸ್ತಿದ್ನಲ್ಲೋ" ಎಂದೆ. ಅವರು ಇದನ್ನು ಹಾಸ್ಯವೆಂದು ತಿಳಿದರು. ನಾನು ಹಾಸ್ಯ ಮಾಡಿರಲಿಲ್ಲ. ನಾವು ಜನ್ಮವಿಡೀ ತೆಗೆದು ಹಾಕಿದ್ದನ್ನು ಗಂಡಸರು ಈಗ ಹಚ್ಚಲು ಕಲಿಯುತ್ತಿದ್ದಾರೆ. ಹಚ್ಚುವುದಕ್ಕೆ ಕಲೆ ಎಂದು ಹೆಸರು. ತೆಗೆಯುವುದಕ್ಕೆ ಯಾವ ಹೆಸರೂ ಇಲ್ಲ.

ಇದರಲ್ಲಿ ಇನ್ನೊಂದು ಮಾತಿದೆ. ತಿಕ್ಕಿದವಳಿಗೆ ಕೊಳೆಯ ಗುಣ ಗೊತ್ತಿರುತ್ತದೆ. ಬ್ಯಾಂಕಿನವರು ತಮ್ಮ ವಿಮಾನದ ರೆಕ್ಕೆಯ ಮೇಲೆ ಅಲ್ಲಲ್ಲಿ ಕೆಂಪು ತುಕ್ಕು ಬಳಿದು ತಂದಿದ್ದರು. ಎಲ್ಲರೂ ಹೊಗಳಿದರು. ನಾನು, "ರೆಕ್ಕಿ ಯಾವುದರಿಂದ ಮಾಡ್ತಾರ್ರೀ?" ಎಂದು ಕೇಳಿದೆ. "ಅಲ್ಯುಮಿನಿಯಂ" ಎಂದರು. "ನಿಮ್ಮ ಮನ್ಯಾಗ ಜರ್ಮನ್ ಪಾತೇಲಿಗೆ ಎಂದರೆ ಕೆಂಪು ತುಕ್ಕು ಹಿಡದದ್ದು ನೋಡೀರೇನು?" ಅವರು ಸುಮ್ಮನಾದರು. ಕೆಂಪು ತುಕ್ಕು ಹಿಡಿಯುವುದು ಕಬ್ಬಿಣದ ಹಂಚಿಗೆ. ಅಲ್ಯುಮಿನಿಯಂ ಮಂಕಾಗುತ್ತದೆ, ಬೂದುಬಿಳುಪಿಗೆ ತಿರುಗುತ್ತದೆ, ಉಪ್ಪು ತಾಗಿದಲ್ಲಿ ಬೆಳ್ಳಗೆ ಹರಳುಗಟ್ಟುತ್ತದೆ. ಪಾತ್ರೆ ತೊಳೆದ ಯಾರಿಗೂ ಇದು ಗೊತ್ತು. ಇಂಜಿನಿಯರಿಂಗ್ ಓದಿದ ನಮ್ಮ ಹುಡುಗನಿಗೆ ಹೊಳೆದಿರಲಿಲ್ಲ. ಹಾಗೆಯೇ ಬಣ್ಣ ಕಿತ್ತುಹೋದ ಗುರುತು. ದಲಾಲಿ ಅಂಗಡಿಯ ಹುಡುಗ ಒಂದೊಂದು ಮಿಲಿಮೀಟರಿನ ಚುಕ್ಕೆಗಳನ್ನು ಮೈತುಂಬ ಇಟ್ಟಿದ್ದ. ನಲವತ್ತೆಂಟರ ಲೆಕ್ಕದಲ್ಲಿ ಒಂದು ಮಿಲಿಮೀಟರ್ ಅಂದರೆ ನಿಜವಾದ ವಿಮಾನದಲ್ಲಿ ಹತ್ತಿರ ಹತ್ತಿರ ಎರಡು ಇಂಚು. ಮೈತುಂಬ ಎರಡೆರಡು ಇಂಚು ಬಣ್ಣ ಹೋದ ವಿಮಾನವನ್ನು ಯಾರಾದರೂ ಹಾರಿಸುತ್ತಾರೆಯೇ? ಅದನ್ನು ನೋಡಿಕೊಳ್ಳುವವರು ಅಷ್ಟು ಹೊತ್ತು ಮಲಗಿದ್ದರೇ?

ಕೊಳೆಯನ್ನು ಬಳಿಯದವರ ಮೇಲೆ ನನಗೆಷ್ಟು ಸಿಟ್ಟಿದೆಯೋ, ಕಾರಣವಿಲ್ಲದೆ ಬಳಿಯುವವರ ಮೇಲೆಯೂ ಅಷ್ಟೇ ಇದೆ. ಕೊಳೆಗೆ ಕಾರಣ ಬೇಕು. ವಿಮಾನ ನೆಲದ ಮೇಲೆ ನಿಂತಾಗ ಸೋರಿದ ಎಣ್ಣೆ ಕೆಳಗೆ ಇಳಿಯುತ್ತದೆ. ಹಾರುವಾಗ ಸೋರಿದ್ದು ಗಾಳಿಯ ಗುಂಟ ಹಿಂದಕ್ಕೆ ಓಡುತ್ತದೆ. ಒಂದೇ ಜಾಗದ ಕಲೆಯಲ್ಲಿ ಈ ಎರಡು ದಿಕ್ಕೂ ಇರಬೇಕು. ರೆಕ್ಕೆ ಮೈಗೆ ಕೂಡುವಲ್ಲಿ ಬಣ್ಣ ಸವೆಯುತ್ತದೆ, ಯಾಕೆಂದರೆ ಏರುವವರೂ ಇಳಿಯುವವರೂ ಕಾಲಿಡುವುದು ಅಲ್ಲಿ. ಇಂಧನ ಹಾಕುವ ಮುಚ್ಚಳದ ಸುತ್ತ ಕಲೆ, ಯಾಕೆಂದರೆ ಅವಸರದಲ್ಲಿ ಚೆಲ್ಲುತ್ತದೆ. ಬಿಚ್ಚಿ ಹಾಕುವ ಮುಚ್ಚಳಗಳ ಅಂಚಿಗೆ ಗೀರು, ಯಾಕೆಂದರೆ ತಿರುಪು ಕೈಯವನು ರಾತ್ರಿ ಕತ್ತಲಲ್ಲಿ ತೆಗೆದಿದ್ದಾನೆ. ಹಾಗೆ ನೋಡಿದರೆ ಪ್ರತಿಯೊಂದು ಕಲೆಯ ಹಿಂದೆ ಒಬ್ಬ ಮನುಷ್ಯ ನಿಂತಿದ್ದಾನೆ. ಆ ಮನುಷ್ಯ ಹಾರಿದವನಲ್ಲ, ಹಾರಿಸಿದವನು.

ನಮ್ಮಣ್ಣ ಅಂಥವನು. 1966ರಲ್ಲಿ ವಾಯುಪಡೆಗೆ ಸೇರಿ, ಮದ್ರಾಸಿನ ಹತ್ತಿರ ತಾಂಬರಂನಲ್ಲಿ ಕೆಲಸ ಕಲಿತು, ಫಿಟ್ಟರ್ ಆದ. 1971ರ ಡಿಸೆಂಬರದಲ್ಲಿ ಯುದ್ಧ ನಡೆದಾಗ ಅವನು ರಾಜಸ್ಥಾನದ ಮರಳಿನಲ್ಲಿದ್ದ. ಅಲ್ಲಿಂದ ಹಾರುತ್ತಿದ್ದದ್ದು ಮಾರುತ. ಬೆಂಗಳೂರಿನ ಎಚ್‌.ಎ.ಎಲ್‌.ನಲ್ಲೇ ರೂಪಿಸಿ ಕಟ್ಟಿದ ಯುದ್ಧವಿಮಾನ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಗೆ ವಿಮಾನ ರೂಪಿಸಿಕೊಟ್ಟ ಕುರ್ಟ್ ಟ್ಯಾಂಕ್ ಎಂಬಾತ 1956ರಲ್ಲಿ ಇಲ್ಲಿಗೆ ಬಂದು, ನಮ್ಮ ಇಂಜಿನಿಯರರ ಜೊತೆ ಕೂತು ಇದನ್ನು ರೂಪಿಸಿದ. 1961ರ ಜೂನ್ 17ರಂದು ಮೊದಲ ಸಲ ಹಾರಿತು. ಹಾರಿಸಿದವರು ಸುರಂಜನ್ ದಾಸ್. ಅದೇ ಮಾರುತದ ಇನ್ನೊಂದು ರೂಪವನ್ನು ಪರೀಕ್ಷಿಸುವಾಗ 1970ರ ಜನವರಿಯಲ್ಲಿ ಅವರು ತೀರಿಕೊಂಡರು. ಬೆಂಗಳೂರಲ್ಲಿ ಅವರ ಹೆಸರಿನ ರಸ್ತೆಯಿದೆ. ದಿನಾ ಆ ರಸ್ತೆಯಲ್ಲಿ ಬಸ್ಸಿಗೆ ಕಾಯುವವರಲ್ಲಿ ಎಷ್ಟು ಜನಕ್ಕೆ ಈ ಸಂಗತಿ ಗೊತ್ತೋ ಏನೋ.

ಮಾರುತ ನೋಡಲು ಬಲು ಚೆಲುವೆ. ಸಣ್ಣ ನಡು, ಚೂಪು ಮೂಗು, ಹಿಂದಕ್ಕೆ ಬಾಗಿದ ರೆಕ್ಕೆ. ನಮ್ಮ ಕೂಟದ ಗಂಡಸರು ಆ ನಡುವನ್ನೇ ಹೊಗಳುತ್ತಾರೆ, ಇರಲಿ. ಆದರೆ ಅದಕ್ಕೆ ತಕ್ಕ ಇಂಜಿನ್ ಸಿಗಲೇ ಇಲ್ಲ. ಶಬ್ದದ ವೇಗ ಮೀರಲೆಂದು ರೂಪಿಸಿದ ವಿಮಾನಕ್ಕೆ ಎರಡು ಆರ್ಫಿಯಸ್ ಇಂಜಿನ್ ಕೂರಿಸಿ ಹೊಂದಿಸಿಕೊಂಡರು. ಬೇರೆ ದೇಶಗಳಿಂದ ಇಂಜಿನ್ ತರುವ ಮಾತು ಮಾತಾಗಿಯೇ ಉಳಿಯಿತು. ಒಟ್ಟು 147 ವಿಮಾನ ಕಟ್ಟಿದರು, 1990ಕ್ಕೆ ಕೊನೆಯದನ್ನೂ ಕೆಲಸದಿಂದ ಬಿಡಿಸಿದರು. ಜಾಣ ಹುಡುಗಿಯನ್ನು ಓದು ಬಿಡಿಸಿ ಮನೆಯಲ್ಲಿ ಕೂರಿಸಿದಂತೆ ಎಂದು ನನಗೆ ಆಗಾಗ ಅನಿಸುತ್ತದೆ. ಆದರೂ ಆ ಹದಿನಾಲ್ಕು ದಿನ, ಡಿಸೆಂಬರ 3ರಿಂದ 16ರವರೆಗೆ, ಮಾರುತದ 10 ಮತ್ತು 220ನೆಯ ಸ್ಕ್ವಾಡ್ರನ್‌ಗಳು ಮರಳುಗಾಡಿನ ನೆಲೆಗಳಿಂದ ಹಾರಿ ತಮ್ಮ ಕೆಲಸ ಮಾಡಿದವು.

ಅಣ್ಣ ಯುದ್ಧದ ಕಥೆ ಹೇಳುತ್ತಿರಲಿಲ್ಲ. ಹೇಳಿದ್ದೆಲ್ಲ ಕೈಯ ಕಥೆ. ಮಧ್ಯಾಹ್ನ ಲೋಹ ಮುಟ್ಟಿದರೆ ಬೊಬ್ಬೆ ಏಳುತ್ತಿತ್ತಂತೆ, ಡಿಸೆಂಬರದ ರಾತ್ರಿ ಅದೇ ಲೋಹಕ್ಕೆ ಬೆರಳು ಮರಗಟ್ಟುತ್ತಿದ್ದವಂತೆ. ಮೂಗಿನಲ್ಲಿದ್ದ ನಾಲ್ಕು ತೋಪು ಹಾರಿಸಿ ಬಂದಾಗ ಮುಂದಿನ ಮೈಗೆಲ್ಲ ಕರಿ ಹಿಡಿಯುತ್ತಿತ್ತು. ಅದನ್ನು ಒರೆಸಿ, ಎಲ್ಲಿ ಗೀರಿದೆ, ಎಲ್ಲಿ ತೂತಾಗಿದೆ ಎಂದು ಅಂಗೈಯಿಂದ ಸವರಿ ನೋಡಬೇಕು. ಕಣ್ಣಿಗೆ ಕಾಣದ್ದು ಕೈಗೆ ಸಿಗುತ್ತದೆ ಎನ್ನುತ್ತಿದ್ದ. 1981ರಲ್ಲಿ ಊರಿಗೆ ಬಂದು ಹೊಲ ಹಿಡಿದ. ಇಪ್ಪತ್ತೆಂಟು ವರ್ಷ ಮಣ್ಣು ಮುಟ್ಟಿದರೂ ಉಗುರಿನ ಬದಿಯ ಆ ಕಪ್ಪುಗೆರೆ ಹೋಗಲಿಲ್ಲ. "ಹಾರಿಸಿದವರದು ಪೇಪರಿನ್ಯಾಗ ಬರ್ತದ. ಒರೆಸಿದವರದು ಏನು ಬರ್ತದ ತಂಗಿ?" ಎಂದು ಒಂದೇ ಒಂದು ಸಲ ಅಂದಿದ್ದ. ದೂರಲಿಲ್ಲ, ನಗುತ್ತ ಅಂದದ್ದು. 2009ರಲ್ಲಿ ಹೋದ.

ಈಗ ಆ ಗುರುಗಳ ಕರವಸ್ತ್ರಕ್ಕೆ ನಾನು ಯಾಕೆ ಅಡ್ಡ ಕೈ ಹಿಡಿದೆ ಎಂಬುದು ತಿಳಿದಿರಬೇಕು. ಅವರು ಒರೆಸಲು ಹೊರಟಿದ್ದು ಮಸಿಯನ್ನಲ್ಲ, ನಮ್ಮಣ್ಣನನ್ನು.

ಮಾರುತದ ಪೆಟ್ಟಿಗೆ ಅಂಗಡಿಯಲ್ಲಿ ಸುಲಭಕ್ಕೆ ಸಿಗುವಂಥದಲ್ಲ. ಅಮೆರಿಕದ್ದು, ಜರ್ಮನಿಯದು ಬೇಕಾದಷ್ಟಿವೆ. ನಾವು ಹಗುರ ಕಟ್ಟಿಗೆ ಕೆತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಮಾಡಿದೆವು. ಅಳತೆಗೆಂದು ಅಳಿಯ ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಹೋಗಿ, ಅಲ್ಲಿ ಇಟ್ಟಿರುವ ಮಾರುತದ ಫೋಟೋ ತೆಗೆದು ತಂದ. ಪೈಲಟ್ ಕೂರುವಲ್ಲಿನ ಗಾಜಿನ ಗುಮ್ಮಟಕ್ಕೆ ಮಿಠಾಯಿ ಡಬ್ಬಿಯ ಪಾರದರ್ಶಕ ಮುಚ್ಚಳವೇ ಆಯಿತು. ಗ್ಯಾಸಿನ ಉರಿಯ ಮೇಲೆ ದೂರದಿಂದ ಮೆತ್ತಗೆ ಮಾಡಿ, ಕಟ್ಟಿಗೆಯ ಅಚ್ಚಿನ ಮೇಲೆ ಎಳೆದು ಕೂರಿಸುವುದು. ಹಪ್ಪಳ ಸುಡುವ ಕೈಗೆ ಯಾವಾಗ ಹಿಂದಕ್ಕೆ ತೆಗೆಯಬೇಕೆಂಬುದು ತಾನಾಗಿ ಗೊತ್ತಾಗುತ್ತದೆ. ಮಾಸ್ತರರು ನಾಲ್ಕು ಮುಚ್ಚಳ ಸುಟ್ಟರು, ನನ್ನದು ಎರಡನೆಯದಕ್ಕೇ ಬಂತು. ಬಣ್ಣ ಸವೆದದ್ದಕ್ಕೆ ಕಲ್ಲುಪ್ಪು. ಮೊದಲು ಬೆಳ್ಳಿಬಣ್ಣ, ಅದು ಒಣಗಿದ ಮೇಲೆ ಒದ್ದೆ ಮಾಡಿ ಉಪ್ಪಿನ ಹರಳು ಕೂರಿಸಿ, ಮೇಲೆ ಹಸಿರು ಸಿಂಪಡಿಸಿ, ಒಣಗಿದ ಬಳಿಕ ಉಪ್ಪು ಉದುರಿಸಿದರೆ ಕೆಳಗಿನ ಲೋಹ ಇಣುಕುತ್ತದೆ. ತುಂಡುಗಳ ನಡುವಿನ ಗೆರೆಗಳಿಗೆ ನೀರುನೀರಾದ ಕಪ್ಪು ಕಂದು ಬಿಟ್ಟು, ಮೂಗಿನಿಂದ ಬಾಲದ ಕಡೆಗೆ ಒಂದೇ ದಿಕ್ಕಿನಲ್ಲಿ ಒರೆಸಿದೆ. ಧೂಳಿಗೆ ತುಂಗಭದ್ರೆಯ ದಂಡೆಯ ರೇವೆಯನ್ನು ಒಣಗಿಸಿ, ಕುಟ್ಟಿ, ಮಲ್ ಬಟ್ಟೆಯಲ್ಲಿ ಸೋಸಿ, ಅರೆಚಿಟಿಕೆ ಅರಿಷಿಣದ ಮಣ್ಣು ಕೂಡಿಸಿದೆ. ನದಿಯ ಮಣ್ಣು ಮರಳುಗಾಡಿನ ಧೂಳಾದದ್ದು ಹೀಗೆ.

ಎಣ್ಣೆಯ ಬಣ್ಣದ ಹತ್ತಿರ ಮಾತ್ರ ನನಗೆ ಸೋಲಾಯಿತು. ಕಪ್ಪು ಹಚ್ಚಿದೆ, ಸರಿ ಕಾಣಲಿಲ್ಲ. ಕಂದು ಹಚ್ಚಿದೆ, ಅದೂ ಅಲ್ಲ. ವೈನಿ ಕಾಳು ಹಸನು ಮಾಡುತ್ತ ದೂರ ಕೂತಿದ್ದರು. ಅವರಿಗೆ ಈ ಆಟ ಹಿಡಿಸಿರಲಿಲ್ಲ. ಆ ದಿನ ಮೊರ ಕೆಳಗಿಟ್ಟು ಬಂದು, ಕನ್ನಡಕ ಏರಿಸಿ ನೋಡಿ, "ಅದಲ್ಲವಾ, ಬೆಲ್ಲದ ಪಾಕ ಹೊತ್ತಿದ್ರ ಬರ್ತದಲ್ಲ, ಆ ಬಣ್ಣ. ಬದಿಗೆ ತಿಳು, ನಡುವ ಕಪ್ಪು. ಹದಿಮೂರು ವರ್ಷ ಒಗದೀನಿ ಅವರ ಡಾಂಗರಿ" ಎಂದರು. ಅವರು ಹೇಳಿದಂತೆ ಕಲಸಿದೆ. ಕುಂಚ ಎತ್ತಿದ ಮೇಲೆ ನಾವಿಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ.

ನನ್ನ ಜಗಳ ಒಂದು ಶಾಲೆಯ ಮೇಲಿನದಲ್ಲ ಎಂದೆನಲ್ಲ. ಕಚೇರಿಗಳ ಮೇಜಿನ ಮೇಲೆ ನೋಡಿ, ಸನ್ಮಾನದಲ್ಲಿ ಕೊಡುವ ಫಳಫಳ ಹೊಳೆಯುವ ವಿಮಾನ, ಕೆಳಗೊಂದು ಹಿತ್ತಾಳೆ ತಗಡು. ದೊಡ್ಡ ಊರುಗಳ ಸರ್ಕಲ್ಲಿನಲ್ಲಿ ಕಂಬದ ಮೇಲೆ ಏರಿಸಿದ ಹಳೆಯ ವಿಮಾನಗಳನ್ನು ನೋಡಿ, ಆಗಾಗ ಎಣ್ಣೆಬಣ್ಣ ಬಳಿದು ಮದುಮಗನ ಹಾಗೆ ನಿಲ್ಲಿಸಿರುತ್ತಾರೆ. ಬಿಸಿಲು ಮಳೆಗೆ ಲೋಹ ಹಾಳಾಗದಿರಲೆಂದು ಬಳಿದರೆ ನನ್ನ ತಕರಾರಿಲ್ಲ. ಆದರೆ ಮಕ್ಕಳಿಗೆ ತೋರಿಸುವಾಗ, ಯುದ್ಧ ಎಂದರೆ ಹೀಗೆ ಮಿಂಚುವಂಥದು ಎಂದು ತೋರಿಸಿದಂತಾಗುತ್ತದೆ. ಅದಕ್ಕೆ ನನ್ನ ತಕರಾರು. ಮಿಂಚುವ ವಿಮಾನದಲ್ಲಿ ಕಾಣುವುದು ವೇಗ, ಬಾವುಟ, ಬಾಂಡು. ಮಾಸಿದ ವಿಮಾನದಲ್ಲಿ ಕೆಲಸ ಕಾಣುತ್ತದೆ, ದಣಿವು ಕಾಣುತ್ತದೆ, ಅದು ಎಲ್ಲಿಗೋ ಹೋಗಿ ಏನನ್ನೋ ಮಾಡಿ ಬಂದಿದೆ ಎಂಬುದು ಕಾಣುತ್ತದೆ. ದೇಶಕ್ಕೆ ಅಪಮಾನವಾಗುವುದು ಯಾವುದರಿಂದ?

ಇದಕ್ಕೆ ಎದುರು ಮಾತೂ ಇದೆ. ಅದನ್ನು ಆಡಿದವರು ನನ್ನ ಗೆಳತಿ, ಓದಿದವರು, ಬರೆಯುವವರು. "ಅಲ್ರೀ, ಹೆಣ್ಣಾಗಿ ನೀವು ಕೊಲ್ಲುವ ಯಂತ್ರಾನ ಇಷ್ಟು ಅಕ್ಕರೆಯಿಂದ ಮಾಡ್ತೀರಲ್ಲ? ಅದರ ಕೆಳಗೆ ಸತ್ತವರ ಮನೆ ಯಾಕ ಮಾಡೂದಿಲ್ಲ?" ಎಂದು ಕೇಳಿದರು. ಈ ಪ್ರಶ್ನೆಗೆ ನಾನು ಒಂದು ವಾರ ನಿದ್ದೆಗೆಟ್ಟೆ. 'ಹೆಣ್ಣಾಗಿ' ಎಂಬ ಮೊದಲ ಪದವನ್ನು ಒಪ್ಪುವುದಿಲ್ಲ. ಯುದ್ಧ ಬೇಡವೆನ್ನುವ ಕರ್ತವ್ಯ ಹೆಣ್ಣಿಗೆ ಮಾತ್ರ ಇದೆಯೆಂದರೆ ಗಂಡಸರಿಗೆ ರಜೆ ಕೊಟ್ಟ ಹಾಗೆ. ಉಳಿದ ಮಾತನ್ನು ಒಪ್ಪುತ್ತೇನೆ. ಈ ಆಟದ ಹುಟ್ಟಿನಲ್ಲೇ ಯುದ್ಧವಿದೆ. 1942ರಲ್ಲಿ ಅಮೆರಿಕದ ನೌಕಾಪಡೆ ಶಾಲೆಯ ಮಕ್ಕಳಿಂದ 5 ಲಕ್ಷ ಮಾದರಿ ವಿಮಾನ ಮಾಡಿಸಲು ಕೇಳಿತ್ತು. ಎಪ್ಪತ್ತೆರಡನೆಯ ಒಂದು ಪಾಲಿನವು, ಮೈಗೆಲ್ಲ ಕಪ್ಪು ಬಣ್ಣ. ಆಕಾಶದಲ್ಲಿ ಕಂಡದ್ದು ನಮ್ಮದೋ ವೈರಿಯದೋ ಎಂದು ಸೈನಿಕರಿಗೆ ಕಲಿಸಲು. ಅವೂ ಕಲೆಯಿಲ್ಲದ, ಚೊಕ್ಕಟ ವಿಮಾನಗಳು. ಗುರುತು ಹಿಡಿದು ಹೊಡೆಯಲು ಅಷ್ಟು ಸಾಕು, ಒಳಗೆ ಯಾರಿದ್ದಾರೆ ಎಂಬುದು ಬೇಕಿರಲಿಲ್ಲ.

ನನ್ನ ಮಾರುತದ ತೋಪಿನ ಬಾಯಿಗೆ ನಾನು ಹಚ್ಚಿದ ಹೊಗೆ ಸುಮ್ಮನೆ ಬಂದದ್ದಲ್ಲ. ಆ ಹೊಗೆಯ ಇನ್ನೊಂದು ತುದಿಯಲ್ಲಿ ಯಾರೋ ಇದ್ದರು. ಅವರಿಗೂ ಅವ್ವ, ತಂಗಿ ಇದ್ದರು. ಕುಂಚ ಹಿಡಿದಾಗ ಅದು ನೆನಪಾಗದೆ ಇರುವುದಿಲ್ಲ, ನೆನಪಾದಾಗ ಕೈ ತಡೆಯುತ್ತದೆ. ಕೈ ತಡೆದರೂ ಹಚ್ಚುತ್ತೇನೆ. ಹೊಗೆ ಇಲ್ಲದ ತೋಪು ಸುಳ್ಳು. ಗೆಳತಿಗೆ ಇಷ್ಟೇ ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ, ನನಗೂ ಪೂರ್ತಿ ಆಗಿಲ್ಲ. ಆ ಮನೆಯನ್ನೂ ಮಾಡಬೇಕು ಎಂದುಕೊಂಡಿದ್ದೇನೆ. ಅದರ ಅಳತೆ ಯಾರ ಹತ್ತಿರ ಸಿಗುತ್ತದೆ?

ಇನ್ನು ಕೆಲವರಿದ್ದಾರೆ, ಯುದ್ಧವೂ ಬೇಡ, ಶಾಂತಿಯೂ ಬೇಡ, ಅವರಿಗೆ ನನ್ನ ವಯಸ್ಸಿನ ಚಿಂತೆ. "ಈ ವಯಸ್ಸಿನಾಗ ಇಮಾನ ಮಾಡ್ಕೋತ ಕುಂತಾಳಂತ ನೋಡ" ಎಂದು ಓಣಿಯಲ್ಲಿ ಆಡಿಕೊಂಡರು. ಮೊಮ್ಮಕ್ಕಳಿಗೆ ಸ್ವೆಟರ್ ಹೆಣೆದಿದ್ದರೆ ಯಾರೂ ಅನ್ನುತ್ತಿರಲಿಲ್ಲ. ಹೆಣ್ಣಿನ ಕೈಗೆಲಸ ಯಾರಿಗಾದರೂ ಉಪಯೋಗಕ್ಕೆ ಬರಬೇಕು. ಕೌದಿ ಹೊಲಿದರೆ ಹೊದೆಯಲು, ಕಸೂತಿ ಹಾಕಿದರೆ ಮಗಳ ಮದುವೆಗೆ, ಶಾವಿಗೆ ಹೊಸೆದರೆ ಹಬ್ಬಕ್ಕೆ. ಸುಮ್ಮನೆ ಕೈಯ ಸಂತೋಷಕ್ಕೆ ಮಾಡುವುದು ಗಂಡಸರಿಗೆ ಹವ್ಯಾಸ, ನಮಗೆ ಹುಚ್ಚು. ಆದರೆ ಸಣ್ಣವರಿದ್ದಾಗ ನಾವು ಮಣ್ಣೆತ್ತಿನ ಅಮಾಸಿಗೆ ಎತ್ತು ಮಾಡಲಿಲ್ಲವೇ? ಆಷಾಢದ ಮಂಗಳವಾರ ಹೊಳೆಯ ಮಣ್ಣು ತಂದು ಗುಳ್ಳವ್ವನ್ನ ಮಾಡಿ, ಗುಲಗಂಜಿ ಚುಚ್ಚಿ ಸಿಂಗರಿಸಲಿಲ್ಲವೇ? ಕೊಂಬು ಇಷ್ಟಿರಬೇಕು, ಹಿಣಿಲು ಇಷ್ಟಿರಬೇಕು ಎಂದು ಪ್ರಮಾಣಕ್ಕೆ ಜಗಳಾಡಲಿಲ್ಲವೇ? ಮೈನೆರೆದ ಮೇಲೆ ಆ ಮಣ್ಣು ಕೈಯಿಂದ ಹೋಯಿತು, ಮುಸುರೆ ಬಂತು. ಗಂಡುಹುಡುಗರು ದೊಡ್ಡವರಾದರೂ ಅವರ ಆಟ ಹೋಗಲಿಲ್ಲ. ಆಟಿಕೆಯ ಬೆಲೆ ಏರಿತು, ಅಷ್ಟೇ. ಅದಕ್ಕೊಂದು ಕೋಣೆ, ಕೋಣೆಗೊಂದು ಬೀಗ, 'ಅವರು ಕೆಲಸದಾಗ ಅದಾರ, ಗದ್ದಲಾ ಮಾಡಬ್ಯಾಡ್ರಿ' ಎಂಬ ಕಾವಲು. 2016ರ ಜೂನ್‌ನಲ್ಲಿ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಎಂಬ ಮೂವರು ಹುಡುಗಿಯರು ಯುದ್ಧವಿಮಾನ ಹಾರಿಸಲು ವಾಯುಪಡೆಗೆ ಸೇರಿದರು. ನಮ್ಮ ಜಿಲ್ಲೆಯಲ್ಲಿ ಮಾತ್ರ ಮೂವತ್ಮೂರು ಸೆಂಟಿಮೀಟರಿನ ವಿಮಾನವನ್ನು ಹೆಣ್ಣುಮಗಳು ಮಾಡಿರಬಹುದು ಎಂದು ನಂಬುವವರಿಲ್ಲ.

ನಮ್ಮ ಕೂಟವನ್ನೂ ಬಿಡುವುದಿಲ್ಲ. ಮೊದಲ ಆರು ತಿಂಗಳು ಹನ್ನೊಂದು ಗಂಟೆಯಾಯಿತೆಂದರೆ ನಾಲ್ಕೂ ಮುಖ ನನ್ನ ಕಡೆಗೆ ತಿರುಗುತ್ತಿದ್ದವು. ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ, ಸುಮ್ಮನೆ ತಿರುಗುತ್ತಿದ್ದವು. ನಾನು ಅಂಟು ಒಣಗುತ್ತಿದ್ದ ತುಂಡನ್ನು ಬಿಟ್ಟು ಎದ್ದು ಚಹಾಕ್ಕೆ ಹೋಗುವುದು, ಬರುವಷ್ಟರಲ್ಲಿ ತುಂಡು ಸೊಟ್ಟಗೆ ಕೂತಿರುವುದು. ಏಳನೆಯ ತಿಂಗಳು ನಾನು ಏಳಲಿಲ್ಲ. ಹನ್ನೊಂದೂವರೆಯಾಯಿತು, ಹನ್ನೆರಡಾಯಿತು. ಕಡೆಗೆ ದಲಾಲಿ ಅಂಗಡಿಯ ಹುಡುಗ ಎದ್ದು, "ಅಕ್ಕಾರ, ಸಕ್ರಿ ಎಲ್ಲೈತ್ರಿ?" ಎಂದ. ಅವನು ಮಾಡಿದ ಚಹಾ ಕಷಾಯದಂತಿತ್ತು, ಎಲ್ಲರೂ ಕುಡಿದೆವು. ಈಗ ಪಾಳಿ ಹಚ್ಚಿದ್ದೇವೆ.

ಮಧ್ಯಾಹ್ನ ಕೆಲಸ ಮುಗಿಸಿ ಒಮ್ಮೊಮ್ಮೆ ಗುಡಿಯ ಕಡೆಗೆ ಹೋಗಿ ಕೂಡುತ್ತೇವೆ. ಚಾಳುಕ್ಯರ ಕಾಲದ ಗುಡಿ, ಹನ್ನೊಂದನೆಯ ಶತಮಾನದ್ದು. ಮೆಟ್ಟಿಲು ಮೆಟ್ಟಿಲಾಗಿ ಏರಿದ ಅದರ ಭಾರಿ ಅಡಿಪಾಯ ಬೇರೆ ಕಡೆ ಕಾಣಸಿಗುವುದು ಅಪರೂಪ. ಆ ಕಾಲದವರು ಗೋಡೆಯ ಮೇಲೆ ಸಣ್ಣ ಸಣ್ಣ ಗುಡಿಗಳನ್ನೇ ಕಡೆಯುತ್ತಿದ್ದರು. ಹಾವೇರಿಯ ಸಿದ್ಧೇಶ್ವರನ ಗುಡಿಯಲ್ಲೂ ಇಂಥ ಕಿರುಶಿಖರಗಳಿವೆ. ದೊಡ್ಡ ಗುಡಿಯ ಮೈಮೇಲೆ ಅಳತೆಗೆ ಇಳಿಸಿದ ಕಿರುಗುಡಿ! ನಮ್ಮ ಹವ್ಯಾಸ ಪರದೇಶದ್ದು ಎನ್ನುವವರನ್ನು ಅಲ್ಲಿಗೆ ಕರೆದೊಯ್ಯಬೇಕು. ಅವನ್ನು ಕಡೆದವರು ಹೊಸದಾಗಿ, ನುಣುಪಾಗಿಯೇ ಕಡೆದಿದ್ದರು. ಮಾಸಿಸಿದ್ದು ಒಂಬೈನೂರು ವರ್ಷಗಳ ಮಳೆ, ಎಣ್ಣೆ, ಮುಟ್ಟಿ ಹಣೆಗೊತ್ತಿಕೊಂಡವರ ಬೆರಳು. ಅದನ್ನು ಸೋಪು ಹಾಕಿ ತೊಳೆಯಿರಿ ಎಂದು ಯಾರಾದರೂ ಅನ್ನುತ್ತಾರೆಯೇ? ನಮ್ಮೂರಿನ ಗಳಗನಾಥರು ತಾವು ಬರೆದ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು ಎಂದು ಹಿರಿಯರು ಹೇಳುತ್ತಿದ್ದರು. ಆ ಹೊರೆಯ ಬೆವರು ತಾಗಿದ ಹಳೆಯ ಪ್ರತಿಯೊಂದು ಸಿಕ್ಕರೆ ನಾನು ಹೊಸ ಮುದ್ರಣವನ್ನು ಕೊಟ್ಟು ಅದನ್ನು ಇಸಿದುಕೊಳ್ಳುತ್ತೇನೆ.

ಮೊನ್ನೆ ಆ ಶಾಲೆಯವರಿಂದ ಮತ್ತೆ ಫೋನು ಬಂತು. ಈ ವರ್ಷವೂ ಪ್ರದರ್ಶನ ಇದೆಯಂತೆ. ಹಿಂದೆ ಆದದ್ದು ಅವರಿಗೆ ನೆನಪಿಲ್ಲ. "ಸಾಹೇಬ್ರು ಮಾಡಿದ ವಿಮಾನ ಕಳಿಸ್ರಿ, ಮಕ್ಕಳಿಗೆ ಭಾಳ ಸೇರಿತ್ತು" ಎಂದರು. ಕಳಿಸುತ್ತೇನೆ ಎಂದಿದ್ದೇನೆ. ಗಾಜಿನ ಪೆಟ್ಟಿಗೆ ಮಾಡಿಸಿದ್ದೇನೆ, ಕರವಸ್ತ್ರ ಒಳಗೆ ಹೋಗದಂತೆ ನಾಲ್ಕೂ ಕಡೆ ತಿರುಪು ಹಾಕಿಸಿದ್ದೇನೆ. ಚೀಟಿಯನ್ನು ಅವರು ಬರೆಯುವುದು ಬೇಡ. ನಾನೇ ಬರೆದು ಒಳಗಡೆ ಅಂಟಿಸಿದ್ದೇನೆ. ಅದರಲ್ಲಿ ಮೂರು ಹೆಸರುಗಳಿವೆ: ಮಾಡಿದವಳದು, ಒರೆಸಿದವನದು, ಅವನ ಅರಿವೆ ಒಗೆದವಳದು. ವೈನಿ ತಮ್ಮ ಹೆಸರು ಬೇಡವೆಂದು ಬಹಳ ಹಟ ಮಾಡಿದರು. ಆಮೇಲೆ ಕನ್ನಡಕ ಹಾಕಿಕೊಂಡು ಹತ್ತಿರ ಬಂದು, ಅಕ್ಷರ ಸರಿಯಾಗಿದೆಯೋ ಇಲ್ಲವೋ ಎಂದು ಎರಡು ಸಲ ಓದಿದರು.